ವಕೀಲರು ಉತ್ತರಿಸದಿದ್ದಾಗ ಕಡತವನ್ನು ಕೇಳಬೇಕು

ಏಳು ವಾರಗಳ ಕಾಲ ನನ್ನ ವಕೀಲರು ನನ್ನ ಯಾವ ಕರೆಯನ್ನೂ ಸ್ವೀಕರಿಸಲಿಲ್ಲ. ಇಷ್ಟು ಖಚಿತವಾಗಿ ಹೇಳಲು ಕಾರಣ, ಆ ದಿನಗಳಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದಿಡುತ್ತಿದ್ದೆ. ಎಡಗಡೆ ದಿನಾಂಕ, ನಡುವೆ ಸಮಯ, ಬಲಗಡೆ ಒಂದು ಸಾಲು: "ರಿಂಗ್ ಆಯಿತು, ಎತ್ತಲಿಲ್ಲ", "ಸ್ವಿಚ್ ಆಫ್", "ಜೂನಿಯರ್ ಎತ್ತಿದರು, ಸರ್ ಕೋರ್ಟಿನಲ್ಲಿದ್ದಾರೆ ಎಂದರು", "ಮೆಸೇಜ್ ನೋಡಿದ್ದಾರೆ, ಉತ್ತರ ಇಲ್ಲ". ಮೊದಲ ಪುಟದ ಅಕ್ಷರ ದುಂಡಗಿದೆ. ಮೂರನೆಯ ಪುಟದ ಹೊತ್ತಿಗೆ ಪೆನ್ನು ಕಾಗದವನ್ನು ಒತ್ತಿದ ಗುರುತು ಹಿಂಬದಿಯಲ್ಲೂ ಕಾಣುತ್ತದೆ. ಈಗ ಆ ಪುಟಗಳನ್ನು ತಿರುವಿದಾಗ ನನಗೆ ನೋವಾಗುವುದು ವಕೀಲರ ಮೌನಕ್ಕಲ್ಲ. ಅಷ್ಟೂ ದಿನ ನಾನು ತಪ್ಪು ಬಾಗಿಲನ್ನೇ ತಟ್ಟುತ್ತಿದ್ದೆನಲ್ಲ ಎಂಬುದಕ್ಕೆ.

ವಿಷಯ ದೊಡ್ಡದೇನೂ ಅಲ್ಲ, ಆದರೆ ನಮ್ಮ ಪಾಲಿಗೆ ಸಣ್ಣದೂ ಅಲ್ಲ. ತಂದೆಯವರ ಕಾಲದಿಂದ ನಮ್ಮ ಸ್ವಾಧೀನದಲ್ಲಿದ್ದ ಜಾಗದ ಒಂದು ಭಾಗ ತಮಗೆ ಸೇರಿದ್ದೆಂದು ಪಕ್ಕದ ಜಾಗದವರು ದಾವೆ ಹೂಡಿದ್ದರು. ನಾನು ಪ್ರತಿವಾದಿ. ಸಮನ್ಸ್ ಬಂದ ವಾರದಲ್ಲೇ ಪರಿಚಿತರೊಬ್ಬರು ಹೇಳಿದ ವಕೀಲರ ಬಳಿ ಹೋಗಿ, ನನ್ನ ಪರವಾಗಿ ಹಾಜರಾಗಲು ಅವರಿಗೆ ಅಧಿಕಾರ ಕೊಡುವ ವಕಾಲತ್ತಿಗೆ ಸಹಿ ಹಾಕಿದೆ, ಫೀಸಿನ ಮೊದಲ ಕಂತು ಕೊಟ್ಟೆ, ಕ್ರಯಪತ್ರವೂ ಸೇರಿದಂತೆ ಮೂಲ ದಾಖಲೆಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಇಟ್ಟು ಅವರ ಮೇಜಿನ ಮೇಲಿಟ್ಟೆ. ರಸೀತಿ ಕೇಳಲಿಲ್ಲ. ಕೇಳಿದರೆ ಅವರ ಮೇಲೆ ನಂಬಿಕೆಯಿಲ್ಲವೆಂದು ತಿಳಿದಾರು ಎಂಬ ಸಂಕೋಚವಿತ್ತು. ಮುಂದಿನ ವಾರ ಲಿಖಿತ ಹೇಳಿಕೆಯ, ಅಂದರೆ ದಾವೆಗೆ ನಾವು ಸಲ್ಲಿಸಬೇಕಾದ ಉತ್ತರದ, ಕರಡು ತೋರಿಸುತ್ತೇನೆ ಎಂದರು. ಅವರಿಂದ ಸರಿಯಾಗಿ ಕೇಳಿದ ಕೊನೆಯ ಮಾತು ಅದು.

ಉತ್ತರ ಬಾರದೆ ಹೋದಾಗ ಮನಸ್ಸು ಒಂದೇ ದಿಕ್ಕಿಗೆ ಓಡುತ್ತದೆ. ಹೇಗಾದರೂ ಅವರ ಧ್ವನಿ ಕೇಳಬೇಕು, ಅವರು ಒಮ್ಮೆ "ಆಗುತ್ತದೆ, ಚಿಂತೆ ಬೇಡ" ಎಂದರೆ ಸಾಕು ಎನಿಸುತ್ತದೆ. ನಾನು ಅದಕ್ಕಾಗಿ ಮಾಡದ ಪ್ರಯತ್ನವಿಲ್ಲ. ಬೆಳಿಗ್ಗೆ ಕೋರ್ಟಿಗೆ ಹೊರಡುವ ಮೊದಲು ಸಿಕ್ಕಾರೆಂದು ಎಂಟು ಗಂಟೆಗೆ ಕರೆ ಮಾಡಿದೆ, ಮನೆ ಸೇರಿರುತ್ತಾರೆಂದು ರಾತ್ರಿ ಒಂಬತ್ತಕ್ಕೆ ಮಾಡಿದೆ, ಬೇರೆಯವರ ಫೋನಿನಿಂದಲೂ ಮಾಡಿದೆ. ಅವರ ಕಚೇರಿಯ ಹೊರಗಿನ ಬೆಂಚಿನ ಮೇಲೆ ಎರಡು ಸಂಜೆ ಕುಳಿತು ಬಂದೆ. ನನ್ನ ಹಾಗೆಯೇ ಕೈಯಲ್ಲಿ ಕವರ್ ಹಿಡಿದು ಕಾಯುತ್ತಿದ್ದ ಇನ್ನೂ ಮೂವರು ಅಲ್ಲಿದ್ದರು. ಯಾರೂ ಯಾರೊಡನೆಯೂ ಮಾತನಾಡಲಿಲ್ಲ. ಇಷ್ಟೆಲ್ಲ ಮಾಡುವಾಗ ನನಗೆ ಒಮ್ಮೆಯೂ ಹೊಳೆಯದೇ ಹೋದ ಸಂಗತಿಯೆಂದರೆ, ನನ್ನ ದಾವೆ ಇರುವುದು ವಕೀಲರ ಫೋನಿನಲ್ಲಲ್ಲ, ನ್ಯಾಯಾಲಯದ ಕಡತದಲ್ಲಿ ಎಂಬುದು. ವಕೀಲರು ಸುಮ್ಮನಾದರೂ ಆ ಕಡತದಲ್ಲಿ ದಿನಾಂಕಗಳು ಸುಮ್ಮನಾಗುವುದಿಲ್ಲ, ಮತ್ತು ಆ ಕಡತದಲ್ಲಿ ಏನು ಬರೆದಿದೆಯೆಂದು ತಿಳಿಯಲು ನನಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಅದು ಹೊಳೆದದ್ದು ತಿಂಗಳ 9ರ ರಾತ್ರಿ. ಸಮನ್ಸಿನ ಮೇಲೆ ದಾವೆಯ ಸಂಖ್ಯೆಯೂ ವರ್ಷವೂ ಇದ್ದವು. ಭಾರತದ ನ್ಯಾಯಾಲಯಗಳ ಇ-ಕೋರ್ಟ್ಸ್ ಜಾಲತಾಣದಲ್ಲಿ ಅವೆರಡನ್ನು ಹಾಕಿದರೆ ಪ್ರಕರಣದ ಸ್ಥಿತಿ ತೆರೆದುಕೊಳ್ಳುತ್ತದೆ, ಜೊತೆಗೆ ಸಿಎನ್‌ಆರ್ ಎಂಬ 16 ಅಕ್ಷರ-ಅಂಕಿಗಳ ಗುರುತು ಸಂಖ್ಯೆಯೂ ಸಿಗುತ್ತದೆ. ಆ ಒಂದು ಸಂಖ್ಯೆ ಬರೆದಿಟ್ಟುಕೊಂಡರೆ ಮುಂದೆ ಬೇರೇನೂ ಹುಡುಕಬೇಕಿಲ್ಲ. ನನ್ನ ದಾವೆಯ ಪುಟದಲ್ಲಿ ಆ ಏಳು ವಾರಗಳಲ್ಲಿ ಮೂರು ದಿನಾಂಕಗಳು ಕಳೆದುಹೋಗಿದ್ದವು. ಮೊದಲನೆಯದರ ಎದುರು "ಪ್ರತಿವಾದಿ ಪರ ವಕೀಲರು ಗೈರು" ಎಂದಿತ್ತು. ಎರಡನೆಯದರಲ್ಲಿ "ಲಿಖಿತ ಹೇಳಿಕೆ ಸಲ್ಲಿಸಿಲ್ಲ, ಕಾಲಾವಕಾಶ". ಮೂರನೆಯದರಲ್ಲಿ "ಗೈರು. ಕೊನೆಯ ಅವಕಾಶ. ಮುಂದಿನ ದಿನಾಂಕ 18". ಸಮನ್ಸ್ ನನ್ನ ಕೈಸೇರಿ ಅಂದಿಗೆ 71 ದಿನಗಳಾಗಿದ್ದವು. ಸಿವಿಲ್ ಪ್ರಕ್ರಿಯಾ ಸಂಹಿತೆಯ 8ನೇ ಆದೇಶದ 1ನೇ ನಿಯಮದ ಪ್ರಕಾರ ಲಿಖಿತ ಹೇಳಿಕೆಗೆ ಮೊದಲಿಗಿರುವುದು 30 ದಿನ. ಕಾರಣ ದಾಖಲಿಸಿ ಅದನ್ನು 90 ದಿನಗಳವರೆಗೆ ವಿಸ್ತರಿಸಬಹುದು. ಸಾಮಾನ್ಯ ದಾವೆಗಳಲ್ಲಿ ಅದರಾಚೆಗೂ ನ್ಯಾಯಾಲಯ ಅವಕಾಶ ಕೊಟ್ಟ ಉದಾಹರಣೆಗಳಿವೆ, ಆದರೆ ಅದು ಕೇಳಿ ಪಡೆಯುವ ಹಕ್ಕಲ್ಲ. ನಮ್ಮ ಕಡೆಯಿಂದ ಯಾರೂ ಹಾಜರಾಗದಿದ್ದರೆ ದಾವೆ ಏಕಪಕ್ಷೀಯವಾಗಿ, ಅಂದರೆ ನಮ್ಮ ಮಾತು ಕೇಳದೆಯೇ, ಮುಂದುವರಿಯುತ್ತದೆ. ಹಾಗೆ ಡಿಕ್ರಿಯಾದ, ಅಂದರೆ ತೀರ್ಪಾದ, ಮೇಲೆ ಅದನ್ನು ರದ್ದುಪಡಿಸಲು ಅರ್ಜಿ ಹಾಕುವುದಕ್ಕೆ ಇರುವುದು ಸಾಧಾರಣವಾಗಿ 30 ದಿನ. ನನ್ನ ಕೈಯಲ್ಲಿ ಒಂಬತ್ತು ದಿನಗಳಿದ್ದವು.

ಅಂದು ರಾತ್ರಿ ನಿದ್ದೆ ಬರಲಿಲ್ಲ. ಆದರೂ ಏಳು ವಾರಗಳಲ್ಲಿ ಮೊದಲ ಬಾರಿಗೆ ಏನು ಮಾಡಬೇಕೆಂಬುದು ಸ್ಪಷ್ಟವಾಗಿತ್ತು.

ಬೆಳಿಗ್ಗೆ ನ್ಯಾಯಾಲಯದ ಕಚೇರಿಗೆ ಹೋದೆ. ಜಾಲತಾಣದಲ್ಲಿರುವುದು ಸರಿಯೇ ಎಂದು ಅಲ್ಲಿ ಖಚಿತಪಡಿಸಿಕೊಳ್ಳಬೇಕಿತ್ತು, ಏಕೆಂದರೆ ಅಲ್ಲಿ ನಮೂದಾಗುವುದು ಒಮ್ಮೊಮ್ಮೆ ತಡವಾಗುತ್ತದೆ. ಗುಮಾಸ್ತರು ಕಡತ ತೆಗೆದು, ಆದೇಶ ಹಾಳೆಯ ಮೇಲೆ ಬೆರಳಿಟ್ಟು, "18ಕ್ಕೆ ಇದೆ, ನಿಮ್ಮ ಕಡೆಯವರು ಬರಲೇಬೇಕು" ಎಂದರು. ಅವರು ಗದರಲಿಲ್ಲ, ಕನಿಕರವನ್ನೂ ತೋರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆ ಹೊತ್ತಿಗೆ ನನಗೆ ಬೇಕಿದ್ದದ್ದು ಅದೇ. ಆದೇಶ ಹಾಳೆಯ ದೃಢೀಕೃತ ನಕಲಿಗೆ ಅಲ್ಲಿಯೇ ಅರ್ಜಿ ಕೊಟ್ಟೆ. ಕಕ್ಷಿದಾರರು ತಾವೇ ಅರ್ಜಿ ಹಾಕಿ ನಕಲು ಪಡೆಯಬಹುದೆಂಬುದು ಅಂದಿನವರೆಗೆ ನನಗೆ ಗೊತ್ತಿರಲಿಲ್ಲ.

ಮನೆಗೆ ಬಂದು ವಕೀಲರಿಗೆ ಪತ್ರ ಬರೆದೆ. ಮೊದಲ ಕರಡಿನಲ್ಲಿ ಏಳು ವಾರಗಳ ಸಂಕಟವೆಲ್ಲ ಇತ್ತು. ಅದನ್ನು ಹರಿದುಹಾಕಿದೆ. ಕೊನೆಗೆ ಕಳಿಸಿದ್ದು ಇಷ್ಟು: "ಮಾನ್ಯರೆ, ನನ್ನ ದಾವೆಯಲ್ಲಿ ಕಳೆದ ಮೂರು ದಿನಾಂಕಗಳಂದು ನಮ್ಮ ಪರವಾಗಿ ಲಿಖಿತ ಹೇಳಿಕೆ ಸಲ್ಲಿಕೆಯಾಗಿಲ್ಲವೆಂದು ಆದೇಶ ಹಾಳೆಯಿಂದ ತಿಳಿದಿದ್ದೇನೆ. ಕೊನೆಯ ಅವಕಾಶ ಇದೇ 18ಕ್ಕೆ ಇದೆ. ಲಿಖಿತ ಹೇಳಿಕೆ ಸಿದ್ಧವಿದೆಯೇ, ಅಂದು ಯಾರು ಹಾಜರಾಗುತ್ತೀರಿ, ನಾನು ಕೊಟ್ಟ ಮೂಲ ದಾಖಲೆಗಳು ಎಲ್ಲಿವೆ ಎಂಬ ಮೂರು ವಿಷಯಗಳನ್ನು 13ರ ಸಂಜೆಯೊಳಗೆ ತಿಳಿಸಬೇಕೆಂದು ಕೋರುತ್ತೇನೆ. ಅನುಕೂಲವಿಲ್ಲದಿದ್ದಲ್ಲಿ ಬೇರೆ ವಕೀಲರನ್ನು ನೇಮಿಸಿಕೊಳ್ಳಲು ತಮ್ಮ ಒಪ್ಪಿಗೆ ಪತ್ರವನ್ನೂ ಕಡತವನ್ನೂ ಕೊಡಬೇಕೆಂದು ವಿನಂತಿ." ಇದನ್ನು ಇಮೇಲ್ ಮಾಡಿದೆ, ವಾಟ್ಸ್ಆ್ಯಪ್‌ನಲ್ಲಿ ಕಳಿಸಿದೆ, ಸ್ವೀಕೃತಿ ಬರುವಂತೆ ಅಂಚೆಯಲ್ಲೂ ಹಾಕಿದೆ.

ಈ ಪತ್ರದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕೆನಿಸುತ್ತದೆ, ಏಕೆಂದರೆ ಆಮೇಲಿನ ಎಲ್ಲವೂ ನಿಂತದ್ದು ಇದರ ಮೇಲೆ. ಫೋನ್ ಕರೆಗೆ ಸಾಕ್ಷಿಯಿಲ್ಲ. "ದಯವಿಟ್ಟು ಕರೆ ಮಾಡಿ ಸರ್" ಎಂಬ ಮೆಸೇಜಿನಲ್ಲಿ ಉತ್ತರಿಸುವಂಥ ಪ್ರಶ್ನೆಯೇ ಇಲ್ಲ. ನಾನು ಕಳಿಸಿದ್ದ ಮೆಸೇಜುಗಳೆಲ್ಲ ಆ ಜಾತಿಯವೇ ಆಗಿದ್ದವು. ಹೌದು ಅಥವಾ ಇಲ್ಲ ಎಂದು ಎರಡು ನಿಮಿಷದಲ್ಲಿ ಹೇಳಬಹುದಾದ ಪ್ರಶ್ನೆ, ಅದಕ್ಕೊಂದು ಗಡುವು, ಗಡುವಿನೊಳಗೆ ಉತ್ತರ ಬಾರದಿದ್ದರೆ ನಾನೇನು ಮಾಡುತ್ತೇನೆಂಬ ಸೂಚನೆ, ಇವಿಷ್ಟು ಇದ್ದರೆ ಮಾತ್ರ ಪತ್ರಕ್ಕೆ ಬಲ ಬರುತ್ತದೆ. ಬೈಗುಳ ಇರಬಾರದು. ಆ ಪತ್ರವನ್ನು ಮುಂದೆ ನ್ಯಾಯಾಧೀಶರು ಓದಬೇಕಾಗಬಹುದು, ವಕೀಲರ ನಡತೆಯನ್ನು ವಿಚಾರಿಸುವ ವಕೀಲರ ಪರಿಷತ್ತು (ಬಾರ್ ಕೌನ್ಸಿಲ್) ಓದಬೇಕಾಗಬಹುದು. ಅಲ್ಲಿ ನಮ್ಮ ಕೋಪ ಕಂಡರೆ ಅವರ ನಿರ್ಲಕ್ಷ್ಯ ಮಸುಕಾಗುತ್ತದೆ.

ಬರೆದಿಟ್ಟ ಕಾಗದ ಎಷ್ಟು ದೂರ ಕೊಂಡೊಯ್ಯಬಲ್ಲದು ಎಂಬುದಕ್ಕೆ ಅಮೆರಿಕದ ಸುಪ್ರೀಂ ಕೋರ್ಟಿನ ಒಂದು ತೀರ್ಪನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಫ್ಲಾರಿಡಾದಲ್ಲಿ ಮರಣದಂಡನೆಗೆ ಗುರಿಯಾಗಿ ಜೈಲಿನಲ್ಲಿದ್ದ ಆಲ್ಬರ್ಟ್ ಹಾಲೆಂಡ್ ಎಂಬಾತನಿಗೆ 2001ರಲ್ಲಿ ಸರ್ಕಾರದ ವತಿಯಿಂದ ಒಬ್ಬ ವಕೀಲರನ್ನು ನೇಮಿಸಲಾಗಿತ್ತು. ಫೆಡರಲ್, ಅಂದರೆ ಕೇಂದ್ರದ, ನ್ಯಾಯಾಲಯಕ್ಕೆ ಅರ್ಜಿ ಹಾಕಲು ಇದ್ದದ್ದು ಒಂದು ವರ್ಷದ ಗಡುವು. ಅದು ತಪ್ಪಬಾರದೆಂದು ಹಾಲೆಂಡ್ ವಕೀಲರಿಗೆ ಪತ್ರದ ಮೇಲೆ ಪತ್ರ ಬರೆದ. 2003ರ ಏಪ್ರಿಲ್‌ನಿಂದ 2006ರ ಜನವರಿಯವರೆಗೆ ವಕೀಲರಿಂದ ಬಂದದ್ದು ಮೂರೇ ಪತ್ರ. ವಕೀಲರನ್ನು ಬದಲಿಸಿಕೊಡಿ ಎಂದು ರಾಜ್ಯದ ಸುಪ್ರೀಂ ಕೋರ್ಟನ್ನು ಕೇಳಿಕೊಂಡರೂ ಒಪ್ಪಿಗೆ ಸಿಗಲಿಲ್ಲ. 2006ರ ಜನವರಿ 18ರಂದು ಜೈಲಿನ ಗ್ರಂಥಾಲಯದಲ್ಲಿದ್ದಾಗ, ತನ್ನ ಪ್ರಕರಣದಲ್ಲಿ ರಾಜ್ಯದ ನ್ಯಾಯಾಲಯ ವಾರಗಳ ಹಿಂದೆಯೇ ತೀರ್ಪು ಕೊಟ್ಟಿರುವುದು ಅವನಿಗೆ ತಿಳಿಯಿತು. ವಕೀಲರು ತಿಳಿಸಿರಲಿಲ್ಲ, ಗಡುವು ಮುಗಿದಿತ್ತು. ಅವನು ಕೂಡಲೇ ತಾನೇ ಅರ್ಜಿ ಬರೆದು ಮರುದಿನ ಅಂಚೆಗೆ ಹಾಕಿದ. 2010ರ ಜೂನ್ 14ರಂದು ಸುಪ್ರೀಂ ಕೋರ್ಟು, ಇಂಥ ಅಸಾಧಾರಣ ಸಂದರ್ಭದಲ್ಲಿ ಗಡುವನ್ನು ಸಡಿಲಿಸಬಹುದು ಎಂದಿತು. ವಕೀಲರ ಬರೀ ಅಲಕ್ಷ್ಯವೊಂದೇ ಅದಕ್ಕೆ ಸಾಲದು, ಕಕ್ಷಿದಾರ ತಾನು ಶ್ರದ್ಧೆಯಿಂದ ಪ್ರಯತ್ನಿಸಿದ್ದಾನೆಯೇ ಎಂಬುದನ್ನೂ ನೋಡಬೇಕು ಎಂದಿತು. ಹಾಲೆಂಡ್ ಬರೆದ ಪತ್ರಗಳು ಆ ಶ್ರದ್ಧೆಗೆ ಸಾಕ್ಷಿಯಾದವು. ಜೈಲಿನ ಕೋಣೆಯಿಂದ ಅವನು ಅಷ್ಟು ಮಾಡಿದ್ದನೆಂದು ಓದಿದಾಗ, ಕೈಯಲ್ಲಿ ಫೋನೂ ಕಾಲಲ್ಲಿ ಬಲವೂ ಇದ್ದ ನಾನು ಬೆಂಚಿನ ಮೇಲೆ ಕುಳಿತು ಬಂದ ಸಂಜೆಗಳು ಕಣ್ಣಮುಂದೆ ಬಂದವು.

ನಮ್ಮ ಸುಪ್ರೀಂ ಕೋರ್ಟು 1981ರಲ್ಲಿ ರಫೀಕ್ ಮತ್ತು ಮುನ್ಶಿಲಾಲ್ ನಡುವಿನ ಪ್ರಕರಣದಲ್ಲಿ, ವಕೀಲರ ತಪ್ಪಿಗೆ ನಿರಪರಾಧಿಯಾದ ಕಕ್ಷಿದಾರ ಶಿಕ್ಷೆ ಅನುಭವಿಸಬಾರದು ಎಂದು ಹೇಳಿತ್ತು. ವಕೀಲರು ಗೈರಾದ ಅನೇಕರಿಗೆ ಆ ಮಾತು ಆಸರೆಯಾಗಿದೆ. ಆದರೆ 1993ರ ಸಲಿಲ್ ದತ್ತ ಪ್ರಕರಣದಲ್ಲಿ ಅದೇ ನ್ಯಾಯಾಲಯ, ವಕೀಲರ ಮೇಲೆ ತಪ್ಪು ಹೊರಿಸಿ ಯಾವಾಗ ಬೇಕಾದರೂ ಪಾರಾಗಬಹುದೆಂಬ ನಿಯಮವೇನಿಲ್ಲ ಎಂದೂ ಸ್ಪಷ್ಟಪಡಿಸಿತು. ಹಾಗಾಗಿ ಮೊದಲ ತೀರ್ಪನ್ನು ನಂಬಿ ಕೈಕಟ್ಟಿ ಕೂರುವುದು ಅಪಾಯ. ನಾನೇನು ಮಾಡಿದೆ ಎಂಬ ಪ್ರಶ್ನೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ.

13ರ ಸಂಜೆ ಕಳೆಯಿತು. ಉತ್ತರ ಬರಲಿಲ್ಲ. ಮರುದಿನ ಬೇರೊಬ್ಬ ವಕೀಲರನ್ನು ಕಂಡೆ. ಅವರು ಮೊದಲು ಕೇಳಿದ್ದು ದಾವೆಯ ಕಥೆಯನ್ನಲ್ಲ. "ಹಳೆಯ ವಕೀಲರ ಒಪ್ಪಿಗೆ ಪತ್ರ ಇದೆಯೇ?" ಎಂದರು. ಒಮ್ಮೆ ಒಬ್ಬರ ವಕಾಲತ್ತು ದಾಖಲಾದ ಮೇಲೆ ಅವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ಸುಮ್ಮನೆ ಹಾಜರಾಗುವಂತಿಲ್ಲ. ಎನ್‌ಒಸಿ ಎಂದು ಎಲ್ಲರೂ ಕರೆಯುವುದು ಅದನ್ನೇ. ಇಲ್ಲಿಯೇ ಎಷ್ಟೋ ಜನ ಸಿಕ್ಕಿಬೀಳುತ್ತಾರೆ. ಫೋನ್ ಎತ್ತದವರು ಒಪ್ಪಿಗೆ ಪತ್ರ ಎಲ್ಲಿ ಕೊಡುತ್ತಾರೆ, ಅದಿಲ್ಲದೆ ಹೊಸಬರು ಹೇಗೆ ಬರುತ್ತಾರೆ ಎಂದು ನಡುನೀರಿನಲ್ಲಿ ನಿಂತುಬಿಡುತ್ತಾರೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಭಾರತೀಯ ವಕೀಲರ ಪರಿಷತ್ತಿನ ನಿಯಮದಲ್ಲಿಯೇ ಇದಕ್ಕೆ ದಾರಿಯಿದೆ. ಒಪ್ಪಿಗೆ ಸಿಗದಿದ್ದರೆ ಏಕೆ ಸಿಗಲಿಲ್ಲವೆಂಬ ಕಾರಣ ತಿಳಿಸಿ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿ, ನ್ಯಾಯಾಲಯದ ಅನುಮತಿಯಿಂದ ಹೊಸ ವಕೀಲರು ಹಾಜರಾಗಬಹುದು. ಆ ಕಾರಣಕ್ಕೆ ಆಧಾರ ಬೇಕಲ್ಲ, ಅದೇ ನನ್ನ ಪತ್ರ, ಅಂಚೆಯ ರಸೀತಿ ಮತ್ತು ನೋಟ್‌ಬುಕ್ಕಿನ ಪುಟಗಳು. ಹೊಸ ವಕೀಲರು ಅವನ್ನೆಲ್ಲ ನೋಡಿ, "ಇಷ್ಟಿದ್ದರೆ ಸಾಕು" ಎಂದು, ಅರ್ಜಿಯ ಕರಡನ್ನು ಅಂದೇ ಬರೆಯಲು ಕುಳಿತರು.

17ರ ಬೆಳಿಗ್ಗೆ ಹಳೆಯ ವಕೀಲರ ಕರೆ ಬಂತು. ಅಂಚೆಯ ಪತ್ರ ಕೈಸೇರಿತ್ತಂತೆ. ನಾನು ಏನೇನೋ ಹೇಳಬೇಕೆಂದುಕೊಂಡಿದ್ದೆ, ಆದರೆ ಅವರ ಧ್ವನಿ ಕೇಳಿದ ಮೇಲೆ ಹೇಳಲಿಲ್ಲ. ಜೂನಿಯರ್ ಒಬ್ಬರು ಕೆಲಸ ಬಿಟ್ಟು ಹೋಗಿದ್ದರು, ನನ್ನ ಫೈಲು ಅವರ ಕೈಯಲ್ಲಿತ್ತು, ಲಿಖಿತ ಹೇಳಿಕೆ ಬರೆಯಲಾಗಿರಲಿಲ್ಲ. "ಬರೆದಿಲ್ಲವೆಂದು ನಿಮಗೆ ಹೇಳುವುದು ಹೇಗೆ ಎಂದು ತಿಳಿಯದೆ ಫೋನ್ ಎತ್ತಲಿಲ್ಲ. ಒಂದು ವಾರ ಎತ್ತದೇ ಇದ್ದ ಮೇಲೆ ಎರಡನೇ ವಾರ ಎತ್ತುವುದು ಇನ್ನೂ ಕಷ್ಟವಾಯಿತು," ಎಂದರು. ಆ ಮಾತು ಸತ್ಯವೆಂದೇ ನಾನು ನಂಬಿದ್ದೇನೆ. ಫೋನ್ ಎತ್ತದ ವಕೀಲರೆಲ್ಲ ಮೋಸಗಾರರಲ್ಲ. ಕೈಮೀರಿದಷ್ಟು ಪ್ರಕರಣ ವಹಿಸಿಕೊಂಡವರಿದ್ದಾರೆ, ಕಾಯಿಲೆ ಬಿದ್ದವರಿದ್ದಾರೆ, ಬಾಕಿ ಫೀಸನ್ನು ಬಾಯಿಬಿಟ್ಟು ಕೇಳಲಾಗದೆ ಮುನಿದವರಿದ್ದಾರೆ. ಎಷ್ಟೋ ಸಲ ಹೇಳುವಂಥದ್ದು ಏನೂ ನಡೆದಿರುವುದಿಲ್ಲ, ದಿನಾಂಕ ಮುಂದೆ ಹೋಗಿರುತ್ತದೆ ಅಷ್ಟೆ. ಆದರೂ ಅವರ ಕಷ್ಟ ಅರ್ಥವಾದ ಮಾತ್ರಕ್ಕೆ ಅದು ಸರಿಯೆಂದಾಗುವುದಿಲ್ಲ. ಪ್ರಕರಣ ಬಿಡುವುದಿದ್ದರೆ ಸಾಕಷ್ಟು ಮುಂಚಿತವಾಗಿ ಕಕ್ಷಿದಾರನಿಗೆ ತಿಳಿಸಬೇಕು, ಮಾಡದ ಕೆಲಸದ ಮಟ್ಟಿಗೆ ಫೀಸು ಹಿಂದಿರುಗಿಸಬೇಕು ಎಂದು ವಕೀಲರ ಪರಿಷತ್ತಿನ ನಿಯಮ ಹೇಳುತ್ತದೆ. ಅಮೆರಿಕದ ವಕೀಲರ ಸಂಘದ ಮಾದರಿ ನಿಯಮಗಳಲ್ಲಿ 1.4ನೆಯದು ಇನ್ನೂ ನೇರವಾಗಿದೆ: ಪ್ರಕರಣದ ಸ್ಥಿತಿಯನ್ನು ಕಕ್ಷಿದಾರನಿಗೆ ತಿಳಿಸುತ್ತಿರಬೇಕು, ಅವನು ನ್ಯಾಯವಾಗಿ ಕೇಳಿದ ಮಾಹಿತಿಯನ್ನು ತಡಮಾಡದೆ ಕೊಡಬೇಕು. ನಮ್ಮಲ್ಲೂ ಅಷ್ಟು ನೇರವಾದ ಒಂದು ಸಾಲು ಇರಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಅವರು ಒಪ್ಪಿಗೆ ಪತ್ರ ಕೊಟ್ಟರು. ಫೀಸಿನ ಲೆಕ್ಕ ಇನ್ನೂ ಮುಗಿಯದಿದ್ದರೂ ಫೈಲನ್ನೂ ಕೊಟ್ಟರು. ಕೊಡದಿದ್ದರೆ ಏನು ಮಾಡಬಹುದಿತ್ತು ಎಂಬುದನ್ನು ಹೊಸ ವಕೀಲರು ಆಗಲೇ ಹೇಳಿದ್ದರು. 2000ನೇ ಇಸವಿಯಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಫೀಸು ಬಾಕಿಯಿದೆಯೆಂಬ ಕಾರಣಕ್ಕೆ ವಕೀಲರು ಕಕ್ಷಿದಾರನ ಕಡತವನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ, ಬಾಕಿಯನ್ನು ವಸೂಲು ಮಾಡಲು ಬೇರೆ ಕಾನೂನಿನ ದಾರಿಗಳಿವೆ ಎಂದು ತೀರ್ಮಾನಿಸಿದೆ. ಫೈಲು ಅಡವಿಟ್ಟ ಒಡವೆಯಲ್ಲ. ಇದನ್ನು ತಿಳಿಯದೆ, ಫೈಲು ಬಿಡಿಸಿಕೊಳ್ಳಲು ಹಣ ಹೊಂದಿಸುತ್ತಾ ತಿಂಗಳುಗಟ್ಟಲೆ ಕಳೆಯುವವರ ಬಗ್ಗೆ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ದೂರು ಕೊಡಬೇಕೇ ಎಂದು ಮನೆಯಲ್ಲಿ ಮಾತಾಯಿತು. 1961ರ ವಕೀಲರ ಅಧಿನಿಯಮದ 35ನೇ ಕಲಮಿನಡಿ ರಾಜ್ಯ ವಕೀಲರ ಪರಿಷತ್ತಿಗೆ ದೂರು ಸಲ್ಲಿಸಬಹುದು. ದುರ್ನಡತೆ ಸಾಬೀತಾದರೆ ಛೀಮಾರಿ ಹಾಕುವುದರಿಂದ ಹಿಡಿದು ವಕೀಲರ ಪಟ್ಟಿಯಿಂದ ಹೆಸರು ತೆಗೆದುಹಾಕುವವರೆಗೆ ಪರಿಷತ್ತಿಗೆ ಅಧಿಕಾರವಿದೆ. ಒಂದು ವರ್ಷದೊಳಗೆ ಅಲ್ಲಿ ಇತ್ಯರ್ಥವಾಗದಿದ್ದರೆ ವಿಚಾರಣೆ ಭಾರತೀಯ ವಕೀಲರ ಪರಿಷತ್ತಿಗೆ ವರ್ಗವಾಗುತ್ತದೆ. ಗ್ರಾಹಕ ಆಯೋಗಕ್ಕೆ ಹೋಗುವ ದಾರಿ ಈಗಿಲ್ಲ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು 2024ರ ಮೇ 14ರಂದು ಸುಪ್ರೀಂ ಕೋರ್ಟು ಹೇಳಿದೆ. ಆ ತೀರ್ಪು ನನಗೆ ಸಮಾಧಾನ ತಂದಿಲ್ಲ. ಅದೇನೇ ಇರಲಿ, ದೂರು ವಕೀಲರ ನಡತೆಯ ವಿಚಾರಣೆಯೇ ಹೊರತು ದಾವೆಯ ರಕ್ಷಣೆಯಲ್ಲ. ದೂರು ಕೊಟ್ಟ ಮಾತ್ರಕ್ಕೆ 18ನೇ ತಾರೀಖು ಒಂದು ದಿನವೂ ಮುಂದೆ ಹೋಗುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ವಕೀಲರ ಸೇವೆಯ ದೂರು ಕೇಳಲು ಲೀಗಲ್ ಒಂಬುಡ್ಸ್‌ಮನ್ ಎಂಬ ಪ್ರತ್ಯೇಕ ಸಂಸ್ಥೆಯೇ ಇದೆ, ಆದರೆ ಅಲ್ಲಿಯೂ ಮೊದಲು ವಕೀಲರಿಗೇ ಬರೆದು ದೂರಿ, ಎಂಟು ವಾರಗಳವರೆಗೆ ಅವರಿಗೆ ಅವಕಾಶ ಕೊಡಬೇಕು. ಗಡುವು ತಲೆಯ ಮೇಲಿರುವವರಿಗೆ ಎಂಟು ವಾರವೆಂದರೆ ಒಂದು ಯುಗ. ನನ್ನ ಮಟ್ಟಿಗೆ, ಫೈಲು ಬಂದು ಒಪ್ಪಿಗೆ ಸಿಕ್ಕಮೇಲೆ ನಾನು ದೂರು ಕೊಡಲಿಲ್ಲ. ದಾಖಲೆಗಳನ್ನು ಕಳೆದುಹಾಕಿದ್ದರೆ ಅಥವಾ ಡಿಕ್ರಿಯಾಗಿಬಿಟ್ಟಿದ್ದರೆ ಖಂಡಿತ ಕೊಡುತ್ತಿದ್ದೆ.

18ರಂದು ಹೊಸ ವಕೀಲರು ವಕಾಲತ್ತು ಹಾಕಿ, ತಡವಾದದ್ದಕ್ಕೆ ಕಾರಣ ಹೇಳುವ ಅರ್ಜಿಯೊಂದಿಗೆ ಲಿಖಿತ ಹೇಳಿಕೆ ಸಲ್ಲಿಸಿದರು. ಅಂದಿಗೆ 80ನೇ ದಿನ. ಎದುರು ಪಕ್ಷದವರು ಆಕ್ಷೇಪಿಸಿದರು. ನ್ಯಾಯಾಧೀಶರು ಆದೇಶ ಹಾಳೆಯನ್ನೂ ನಮ್ಮ ಅರ್ಜಿಯ ಜೊತೆಗಿದ್ದ ಪತ್ರವನ್ನೂ ನೋಡಿ, ನಮ್ಮ ಮೇಲೆ ವೆಚ್ಚ ವಿಧಿಸಿ ಲಿಖಿತ ಹೇಳಿಕೆಯನ್ನು ಒಪ್ಪಿಕೊಂಡರು. ವೆಚ್ಚ ಕಟ್ಟಿದ ರಸೀತಿಯನ್ನು ನೋಟ್‌ಬುಕ್ಕಿಗೆ ಅಂಟಿಸಿದ್ದೇನೆ.

ಹೊಸ ವಕೀಲರ ಕಚೇರಿಯಲ್ಲಿ ಫೈಲು ಬಿಚ್ಚಿ ನನ್ನ ಎದುರಿಗೇ ಪುಟ ಎಣಿಸಿದೆವು. ಕ್ರಯಪತ್ರವಿತ್ತು, ಕಂದಾಯದ ಹಳೆಯ ರಸೀತಿಗಳಿದ್ದವು, ಅಳತೆಯ ನಕ್ಷೆ ಇರಲಿಲ್ಲ. ಎರಡು ದಿನಗಳ ನಂತರ ಹಳೆಯ ವಕೀಲರು ತಾವೇ ಅದನ್ನು ಹುಡುಕಿ ಕಳಿಸಿದರು. ಈ ಬಾರಿ ಮೂಲ ದಾಖಲೆಗಳನ್ನು ನಾನು ಇಟ್ಟುಕೊಂಡು ಹೊಸ ವಕೀಲರಿಗೆ ನಕಲುಗಳನ್ನು ಕೊಟ್ಟೆ. ಸಾಕ್ಷ್ಯದ ಹಂತದಲ್ಲಿ ಮೂಲ ಬೇಕಾದಾಗ ತರುತ್ತೇನೆಂದೆ. ಅವರು ಬೇಸರಿಸಲಿಲ್ಲ. ಕೊಟ್ಟ ನಕಲುಗಳ ಪಟ್ಟಿಗೆ ಸಹಿ ಹಾಕಿಕೊಟ್ಟರು. ಫೋನಿಗೆ ಸಮಯ ಯಾವುದು, ಅವರು ಸಿಗದಿದ್ದರೆ ಯಾರನ್ನು ಕೇಳಬೇಕು ಎಂಬುದನ್ನು ಮೊದಲ ದಿನವೇ ಕೇಳಿ ಬರೆದುಕೊಂಡೆ. ಈಗ ಪ್ರತಿ ದಿನಾಂಕದ ಹಿಂದಿನ ಸಂಜೆ ನಾನು ಒಂದು ಸಾಲು ಬರೆಯುತ್ತೇನೆ: "ನಾಳೆ ನಮ್ಮದಿದೆ, ನಾನು ಬರಬೇಕೇ?" ಸಾಮಾನ್ಯವಾಗಿ ರಾತ್ರಿಯೊಳಗೆ "ಬೇಡ" ಎಂದೋ "ಬನ್ನಿ, 11ಕ್ಕೆ" ಎಂದೋ ಉತ್ತರ ಬರುತ್ತದೆ. ಬಂದರೂ ಬರದಿದ್ದರೂ ಮರುದಿನ ಸಂಜೆ ಜಾಲತಾಣದಲ್ಲಿ ಆ 16 ಅಕ್ಷರ-ಅಂಕಿಗಳನ್ನು ಹಾಕಿ, ಆದೇಶ ಹಾಳೆಯಲ್ಲಿ ಏನು ಬರೆದಿದೆಯೆಂದು ಓದಿ, ಮುಂದಿನ ದಿನಾಂಕವನ್ನು ಅದೇ ನೋಟ್‌ಬುಕ್ಕಿನ ಎಡಗಡೆ ಬರೆದುಕೊಳ್ಳುತ್ತೇನೆ.